ಬಿಟ್ಟ ಅರ್ಧ ರೊಟ್ಟಿ

ಅಪ್ಪ ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ ದಿನ ನನ್ನ ಕೈಕಾಲು ತಣ್ಣಗಾದವು. ಬಾಯಿರುಚಿ ಕೆಟ್ಟಿರಬೇಕು ಅಂದಳು ಅವ್ವ. ಅರ್ಧ ರೊಟ್ಟಿಯಿಂದ ಏನು ಶುರುವಾಗುತ್ತದೆ ಎಂದು ನಾನು ಇದೇ ಮನೆಯಲ್ಲಿ ಒಮ್ಮೆ ನೋಡಿದ್ದೆ.

ಆಗ ನನಗೆ ಹನ್ನೆರಡು ವರ್ಷ. ಅಪ್ಪನ ಅವ್ವ, ನಮ್ಮಜ್ಜಿ ಬೋರವ್ವನಿಗೆ ಕಣ್ಣು ಮಂಜಾಗಿ, ಲಾಳಿಯೊಳಗಿಡುವ ಕಂಡಕಿಗೆ ನೂಲು ಸುತ್ತಲು ಆಗುತ್ತಿರಲಿಲ್ಲ. ರಬಕವಿಯ ನೇಕಾರರ ಮನೆಗಳಲ್ಲಿ ವಯಸ್ಸಾದವರಿಗೆ ಉಳಿಯುವ ಕೆಲಸ ಅದೊಂದೇ. ಒಂದು ಮಧ್ಯಾಹ್ನ ಅಪ್ಪ ಎಲ್ಲರೆದುರು ಅಂದುಬಿಟ್ಟ: "ಒಂದ ಕಂಡಕಿ ಸುತ್ತಲಿಲ್ಲ. ಉಣ್ಣಾಕ ಮಾತ್ರ ಎಲ್ಲಾರಕಿಂತ ಮೊದಲ ಬಂದು ಕೂತಿ."

ಅಪ್ಪ ಕೆಟ್ಟವನಲ್ಲ, ಬಾಯಿ ಕೆಟ್ಟದ್ದು. ಅಜ್ಜಿ ಮರುದಿನ ಅರ್ಧ ರೊಟ್ಟಿ ಬಿಟ್ಟಳು. ಆಮೇಲೆ ಇಡೀ ರೊಟ್ಟಿ. ಆಮೇಲೆ ಬರೀ ಮಜ್ಜಿಗೆ. ಕೇಳಿದರೆ ಹಸಿವಿಲ್ಲ ಅನ್ನುತ್ತಿದ್ದಳು. ಹತ್ತೊಂಬತ್ತನೆಯ ದಿನ ಅವಳನ್ನು ಮಣ್ಣಿಗೆ ಒಯ್ಯಲು ಮಗ್ಗ ನಿಲ್ಲಿಸಿದೆವು.

ಹೋದ ಶ್ರಾವಣದಲ್ಲಿ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಎರಡೂ ಪವರ್‌ಲೂಮ್ ಈಗ ನಾನೇ ನಡೆಸುತ್ತೇನೆ. ಒಂದು ದಿನ ಅಪ್ಪ ಎಡಗೈಯಲ್ಲಿ ಕಂಡಕಿ ಸುತ್ತಲು ಹೋಗಿ, ನೂಲೆಲ್ಲ ಸಿಕ್ಕಾಗಿ, ಬುಟ್ಟಿಯನ್ನೇ ಒದ್ದ. ಅದರ ಮರುದಿನವೇ ಆ ಅರ್ಧ ರೊಟ್ಟಿ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಅಂದರು. ಒಂಬತ್ತನೆಯ ದಿನಕ್ಕೆ ಅಪ್ಪ ಬರೀ ಮಜ್ಜಿಗೆಗೆ ಇಳಿದ. ಅದನ್ನೂ ಅಜ್ಜಿಯ ಹೆಸರು ಕೊರೆದ ಬಟ್ಟಲಲ್ಲೇ ಕೊಡು ಅಂದ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಮರುದಿನ ಬೆಳಿಗ್ಗೆ ಕರೆಂಟ್ ಇದ್ದರೂ ನಾನು ಎರಡೂ ಮಗ್ಗ ಶುರು ಮಾಡಲಿಲ್ಲ. ಹಾಗೆ ಮಗ್ಗ ನಿಂತರೆ ನಮ್ಮ ಓಣಿಯಲ್ಲಿ ಸಾವು ಅಂತಲೇ ಲೆಕ್ಕ. ಪಕ್ಕದ ಮನೆಯ ಅನಸವ್ವ ಬಾಯಿಗೆ ಸೆರಗು ಹಿಡಿದು ಓಡಿಬಂದು, ಅಪ್ಪನ ಹೆಸರು ಹಿಡಿದು, ಯಮನಪ್ಪಣ್ಣ ಯಾವಾಗ ಹೋದ ಎಂದು ಕೇಳಿದಳು. ಅಪ್ಪ ಗೋಡೆಗೊರಗಿ ಕೂತು ಅದನ್ನು ಕೇಳಿಸಿಕೊಂಡ.

ಅವ್ವ ಊಟಕ್ಕಿಟ್ಟಾಗ ನಾನು ಅಪ್ಪನ ಪಕ್ಕದಲ್ಲೇ ಕೂತು ನನ್ನ ತಾಟು ದೂರ ಸರಿಸಿದೆ.

"ಇವತ್ತ ನಾನೂ ಏನೂ ನೇಯ್ದಿಲ್ಲಪಾ. ನನಗೂ ಊಟ ಬ್ಯಾಡ."

ಹುಚ್ಚಿ, ಎದ್ದು ಮಗ್ಗ ಹಚ್ಚು ಅಂದ. ನಾನು ಏಳಲಿಲ್ಲ. ಹೊತ್ತು ಇಳಿಯಿತು. ನನ್ನ ಹೊಟ್ಟೆ ಗುರ್ರೆಂದದ್ದು ಅವನಿಗೂ ಕೇಳಿಸಿತು. ಕೊನೆಗೆ ಎಡಗೈಯಲ್ಲೇ ರೊಟ್ಟಿ ಮುರಿದು ನನ್ನ ಬಾಯಿಯ ಮುಂದೆ ಹಿಡಿದ.

"ಉಣ್ಣ, ಪೂರ್ಣಿ. ನೇಯ್ದರ ಅಷ್ಟ ನನ್ನ ಮಗಳೇನ ನೀ?"

ಅಂದವನು ತಾಟಿನ ಪಕ್ಕದ ಅಜ್ಜಿಯ ಬಟ್ಟಲನ್ನು ನೋಡಿದ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನಮ್ಮವ್ವಗ ಈ ಮಾತ ಅನ್ನಲಿಲ್ಲ ನಾ."

ನಾನು ಆ ತುತ್ತನ್ನು ತೆಗೆದುಕೊಂಡು ಅವನ ಬಾಯಿಯ ಹತ್ತಿರವೇ ಹಿಡಿದೆ. ಬಹಳ ಹೊತ್ತು ತುಟಿ ಬಿಗಿದೇ ಇದ್ದ. ಕೈ ಸೋತರೂ ನಾನು ಇಳಿಸಲಿಲ್ಲ. ಆಮೇಲೆ ಬಾಯಿ ತೆರೆದ.