ಮಾತಿಗೆ ದಂಡ ಹಾಕಿದ ಊಟ

ಬ್ಯಾಡಗಿಯಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ನಾವು ಕೆಲವು ತಾಯಂದಿರು ಸೇರಿ ತರಗತಿಯೊಂದನ್ನು ನಡೆಸುತ್ತೇವೆ. ಭಾನುವಾರಗಳಲ್ಲಿ ಮಾತ್ರ, ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ. ಕಲಿಸುವವಳು ಮೃಣಾಲಿನಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಾಳೆ. ಅವಳಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಬರುವ ಮೊದಲು ನನ್ನ ಮಗಳು ಶ್ರದ್ಧಾ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಅಷ್ಟೇ. ಸನ್ನೆ ಭಾಷೆ ಕಲಿತ ಮೇಲೆ ‘ಯಾಕೆ’ ಎಂದು ಕೇಳತೊಡಗಿದಳು. ಚಂದ್ರ ಯಾಕೆ ನಮ್ಮ ಹಿಂದೆಯೇ ಬರುತ್ತಾನೆ ಎಂದು ಅವಳ ಕೈಗಳು ಕೇಳಿದ ಸಂಜೆ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು ಉತ್ತರ ಕೊಡುವ ಬದಲು ಅತ್ತುಬಿಟ್ಟಿದ್ದೆ.

ಮೃಣಾಲಿನಿಗೆ ಗೌರವಧನ ಕೊಡುತ್ತಿದ್ದ ಸಂಸ್ಥೆ ಡಿಸೆಂಬರಿನಲ್ಲಿ ಕೈಬಿಟ್ಟಿತು. ವರ್ಷದ ಹಣ ನಾವೇ ಕೂಡಿಸದಿದ್ದರೆ ಅವಳು ಬೆಳಗಾವಿಯಲ್ಲಿ ಸಿಕ್ಕಿದ್ದ ಕೆಲಸಕ್ಕೆ ಹೋಗಲೇಬೇಕಿತ್ತು.

ಸಭೆಯಲ್ಲಿ ಒಬ್ಬರು ಹಪ್ಪಳ ಮಾರೋಣ ಎಂದರು, ಇನ್ನೊಬ್ಬರು ಖಾರದ ಪುಡಿ ಎಂದರು. ತರಗತಿಗೆ ಮಗನನ್ನು ಕಳಿಸುವ ಕರೆವ್ವ ನಕ್ಕಳು. “ಬ್ಯಾಡಗ್ಯಾಗ ಕುಂತು ಖಾರದ ಪುಡಿ ಯಾರಿಗೆ ಮಾರ್ತೀರಿ, ಅಕ್ಕಾರ?”

ನಮ್ಮ ತುಟಿಗಳನ್ನೇ ನೋಡುತ್ತಿದ್ದ ಮೃಣಾಲಿನಿ ಆಗ ನಿಧಾನವಾಗಿ ಸನ್ನೆ ಮಾಡಿದಳು. ಮದುವೆಯ ಪಂಕ್ತಿಯಲ್ಲಿ ಕೂತರೆ ಸುತ್ತಲೂ ಬಾಯಿಗಳು ಆಡುತ್ತಿರುತ್ತವೆ, ಎಲ್ಲರೂ ನಗುತ್ತಾರೆ, ಯಾಕೆಂದು ಯಾರೂ ತನಗೆ ಹೇಳುವುದಿಲ್ಲ. ಒಂದು ಹೊತ್ತಿನ ಊಟಕ್ಕೆ ಊರಿನವರು ತನ್ನ ಜಾಗದಲ್ಲಿ ಕೂರಲಿ.

ಹಾಗೆ ಒಂದು ಊಟ ನಿಶ್ಚಯವಾಯಿತು. ಅಡುಗೆ ಮನೆಮನೆಯಿಂದ ಬರುವುದು. ಬಾಗಿಲಲ್ಲಿ ಪೆಟ್ಟಿಗೆ, ಕೈಲಾದಷ್ಟು ಹಾಕುವುದು. ಒಳಗೆ ಬಂದ ಮೇಲೆ ಮಾತಾಡಿದರೆ ಪ್ರತಿ ಮಾತಿಗೂ ಹತ್ತು ರೂಪಾಯಿ ದಂಡ.

ಭವನದ ಅಧ್ಯಕ್ಷರು ಪ್ರಭುಲಿಂಗಪ್ಪನವರು, ಮೆಣಸಿನಕಾಯಿ ದಲಾಲರು. ಜಾಗವನ್ನೇನೋ ಬಿಟ್ಟಿಯಾಗಿ ಕೊಟ್ಟರು, ಆದರೆ ಚುಚ್ಚದೆ ಬಿಡಲಿಲ್ಲ. “ಉಣ್ಣಾಕ ಕರದು ಬಾಯಿ ಮುಚ್ಚಸ್ತೀರಿ. ಇನ್ನೊಂದು ಹಾಕ್ಕೋರಿ ಅನ್ನದಿದ್ರ ಅದೆಂಥಾ ಊಟಾರೀ? ದನಾ ಮೇಯಿಸಿದಂಗ ಆಕ್ಕತಿ.”

ಜನವರಿಯ ಆ ಮಧ್ಯಾಹ್ನ ಭವನ ತುಂಬಿತು. ಮೊದಲು ದಂಡ ಕಟ್ಟಿದವಳು ಕರೆವ್ವ. ರೊಟ್ಟಿ ಬಡಿಸುತ್ತ ಬಾಯಿ ತಪ್ಪಿತು. ಒತ್ತಾಯ ಮಾಡದೆ ಬಡಿಸುವುದು ನಮ್ಮ ಕಡೆ ಅವಮಾನವೇ. ಹೋಳಿಗೆ ಹಿಡಿದು ಹೊರಟ ಪ್ರಭುಲಿಂಗಪ್ಪನವರಂತೂ ಎಲೆಗೊಮ್ಮೆ “ನಾಚಬ್ಯಾಡ್ರಿ” ಎನ್ನುವರು, ಎಡಗೈಯಿಂದ ನೋಟು ತೆಗೆದು ಕೊಡುವರು. ಅರ್ಧ ಪಂಕ್ತಿ ದಾಟುವಷ್ಟರಲ್ಲಿ ಅವರೂ ಸುಮ್ಮನಾದರು.

ಆಮೇಲೆ ಕೇಳಿಸಿದ್ದು ಫ್ಯಾನಿನ ಸದ್ದು, ಖಡಕ್ ರೊಟ್ಟಿ ಮುರಿಯುವ ಸದ್ದು. ಆ ಮೌನದಲ್ಲಿ ನಮ್ಮ ಮಕ್ಕಳು ಮಾತ್ರ ಹರಟುತ್ತಿದ್ದರು. ಭವನದ ಈ ತುದಿಯಿಂದ ಶ್ರದ್ಧಾ ಸನ್ನೆಯಲ್ಲಿ ಏನೋ ಹೇಳಿದಳು. ಆ ತುದಿಯಲ್ಲಿ ಕರೆವ್ವನ ಮಗ ನಕ್ಕ. ಬೆಳಕಿಗೆ ಮಾಧ್ಯಮ ಬೇಕಿಲ್ಲ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆಯುತ್ತೇನೆ. ಒಂದು ಮಾತು ಅಷ್ಟು ಜನರ ತಲೆಯ ಮೇಲೆ, ಯಾರಿಗೂ ತಾಗದೆ, ಬೆಳಕಾಗಿ ಹಾದುಹೋಗುವುದನ್ನು ಅಂದೇ ಕಂಡೆ. ಹಿಡಿದ ಸೌಟು ಕೈಯಲ್ಲೇ ಉಳಿಯಿತು.

ಪ್ರಭುಲಿಂಗಪ್ಪನವರು ಶ್ರದ್ಧಾಳ ಎದುರು ಬಂದರು. ಅವಳು ಬೇಡವೆಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದಳು. ಅವರು ಬಾಯಿ ತೆರೆದು, ಮುಚ್ಚಿದರು. ಹೋಳಿಗೆಯ ಬುಟ್ಟಿ ಕೆಳಗಿಟ್ಟು, ಹೆಗಲ ಟವೆಲ್ಲನ್ನು ತೆಗೆದು ತಮ್ಮ ಕೈಗೂ ಅವಳ ಕೈಗೂ ಮುಚ್ಚಿದರು. ಹಳಬರ ಮುಖ ಅರಳಿತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಪ್ರಭುಲಿಂಗಪ್ಪನವರು ಹರೆಯದಲ್ಲಿ ಹಾವೇರಿ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿದ್ದವರು. ಎರಡು ಹೋಳಿಗೆಯೆಂದು ಎರಡು ಬೆರಳು ಹಿಡಿದರಂತೆ. ಶ್ರದ್ಧಾ ಅವರ ಮುಖವನ್ನೇ ನೋಡಿದಳು, ಬಟ್ಟೆ ಅಲುಗಿತು, ಎಲೆಗೆ ಒಂದೇ ಹೋಳಿಗೆ ಬಿತ್ತು.

ಅವರು ಹೋಗಲಿಲ್ಲ. ಮೃಣಾಲಿನಿಯತ್ತ ಕೈ ತೋರಿಸಿದರು. ತಮ್ಮ ಜೇಬು ಮುಟ್ಟಿಕೊಂಡರು. ಗೋಡೆಯ ಹೊಸ ಕ್ಯಾಲೆಂಡರಿನ ಒಂದು ಹಾಳೆ ಎತ್ತಿ ಬಿಟ್ಟು, ಮತ್ತೆ ಶ್ರದ್ಧಾಳ ಕೈಮೇಲೆ ಟವೆಲ್ ಹರಡಿದರು. ಅವಳ ಗೌರವಧನ, ಎಷ್ಟು ತಿಂಗಳದ್ದು?

ಉಣ್ಣುವವರ ಕೈಗಳು ನಿಂತವು. ಟವೆಲ್ ಏಳುತ್ತಿತ್ತು, ತಗ್ಗುತ್ತಿತ್ತು. ಅವರು ತಲೆ ಅಲ್ಲಾಡಿಸಿದರು; ಅವಳೂ ಅಲ್ಲಾಡಿಸಿದಳು. ವ್ಯಾಪಾರ ಮುರಿದವರಂತೆ ಅವರು ಕೈ ಕಿತ್ತುಕೊಂಡು ಹೊರಟೇಬಿಟ್ಟರು. ಶ್ರದ್ಧಾ ಮಾತ್ರ ಬಟ್ಟೆಯ ಕೆಳಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ತಿರುಗಿ ಬಂದರು. ಬಟ್ಟೆ ಮತ್ತೊಮ್ಮೆ ಅಲುಗಿತು. ಆಮೇಲೆ ಕ್ಯಾಲೆಂಡರಿನ ಬಳಿ ನಡೆದು, ಹಾಳೆಗಳನ್ನೆಲ್ಲ ಒಟ್ಟಿಗೆ, ಡಿಸೆಂಬರಿನವರೆಗೂ ಎತ್ತಿ ಹಿಡಿದರು. ಮೃಣಾಲಿನಿ ಮುಖ ಮುಚ್ಚಿಕೊಂಡಳು.

ಶ್ರದ್ಧಾ ನನ್ನತ್ತ ತಿರುಗಿ ಏನೋ ಕೇಳಿದಳು. ಪ್ರಭುಲಿಂಗಪ್ಪನವರು ಮೊದಲು ನೋಟು ಹಾಕಿ, ಆಮೇಲೆ ಮಾತಾಡಿದರು.

“ಏನಂತಾಳ್ರೀ?”

ನಾನೂ ದಂಡ ಕಟ್ಟಿದೆ. “ಅಜ್ಜಗ ನಮ್ಮ ಮಾತು ಬರತೈತಿ, ಅದನ್ಯಾಕ ಅರಿಬಿ ಕೆಳಗ ಮುಚ್ಚಿಟ್ಟಾನ ಅಂತ ಕೇಳಾಕತ್ತಾಳ್ರಿ.”

ಅವರು ಟವೆಲ್ಲನ್ನು ಮಡಚಿ ಪಕ್ಕಕ್ಕಿಟ್ಟರು. ಅವಳ ಎಲೆಯ ಮುಂದೆ ನೆಲದ ಮೇಲೆ ಕೂತು, ಎರಡೂ ಬರಿಗೈಗಳನ್ನು ಅವಳತ್ತ ಚಾಚಿದರು. ಶ್ರದ್ಧಾ ಕೈ ಒರೆಸಿಕೊಂಡು, ಅವರ ದಪ್ಪ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೊದಲ ಮಾತು ಕಲಿಸತೊಡಗಿದಳು.