ಮೂರು ಇಂಚಿನ ವಾಟ

ನನ್ನ ಅಳಿಯ ಗಾರೆ ಕೆಲಸದವನು. ಗೋಡೆ ಕಟ್ಟಲಿ, ಯಾರು ಬೇಡ ಅಂದರು? ಪೈಪಿಗೆ ಕೈ ಹಾಕಿದ್ದು ಮಾತ್ರ ನನ್ನ ಹೊಟ್ಟೆ ಉರಿಸಿತು. ಮೂವತ್ತೈದು ವರ್ಷ ಕಂಡವರ ಮನೆಗೆಲ್ಲ ನಲ್ಲಿ, ಚರಂಡಿ ಪೈಪು ಕೂರಿಸಿದ ಮಾವ ಕಲ್ಲುಗುಂಡಿನ ಹಾಗೆ ಬದುಕಿರುವಾಗ, ಇವನು ಹೊಸ ಮನೆಯ ಬಚ್ಚಲಿನ ಪೈಪನ್ನು ತಾನೇ ಹಾಕಿಕೊಂಡಿದ್ದ. ಅದು ಕೆಲಸವಲ್ಲ, ನನಗೆ ಮಾಡಿದ ಕಪಾಳಮೋಕ್ಷ.

ನಾನೂ ಸಾಮಾನ್ಯದವನಲ್ಲ. ಮಗಳು ನನ್ನ ಮಾತು ಮೀರಿ ಅವನನ್ನು ಮದುವೆಯಾದ ಮೇಲೆ ನಾಲ್ಕು ವರ್ಷ ಅವರ ಹೊಸಿಲು ತುಳಿದಿರಲಿಲ್ಲ. ಅವತ್ತು ಹೋದದ್ದು ಅವಳೇ ಫೋನ್ ಮಾಡಿ ಕರೆದದ್ದಕ್ಕೆ.

"ಹತ್ತು ಗಂಟೆಗೆ ಕಾಂಕ್ರೀಟ್ ಹಾಕೋರು ಬರ್ತಾರೆ ಅಪ್ಪ. ಮುಚ್ಚೋಕೆ ಮುಂಚೆ ಒಂದ್ಸಲ ನೀನು ನೋಡಿಬಿಡು. ಆಮೇಲೆ ನೀರು ವಾಪಸ್ ಬಂದ್ರೆ ನೆಲಾನೇ ಒಡೀಬೇಕು."

ಸುಳ್ಳೇಕೆ ಹೇಳಲಿ, ತಪ್ಪು ಸಿಗಲಿ ಎಂದು ಹಾರೈಸಿಕೊಂಡೇ ಎಂಟು ಗಂಟೆಗೆ ಅಲ್ಲಿದ್ದೆ. ಅಪ್ಪನ ಮಾತು ದೊಡ್ಡದೋ ಗಂಡನ ಮಾತು ದೊಡ್ಡದೋ, ಅವಳಿಗೆ ಒಂದು ಸಲ ಗೊತ್ತಾಗಬೇಕಿತ್ತು.

ಬಚ್ಚಲಿನಿಂದ, ಕೊಳೆನೀರು ಹೋಗಿ ಬೀಳುವ ರಸ್ತೆ ಬದಿಯ ಚೇಂಬರಿಗೆ ಮೂವತ್ತೆರಡು ಅಡಿ. ನಾಲ್ಕು ಅಡಿಗೆ ಒಂದು ಇಂಚು ವಾಟ ಕೊಟ್ಟರೆ ಆ ತುದಿ ಎಂಟು ಇಂಚು ತಗ್ಗಿರಬೇಕು. ಇಳಿಜಾರು ಕಡಿಮೆಯಾದರೆ ನೀರು ನಿಲ್ಲುತ್ತದೆ. ಹೆಚ್ಚಾದರೆ ನೀರು ಮುಂದೆ ಓಡಿಹೋಗಿ ಗಲೀಜು ಹಿಂದೆ ಉಳಿಯುತ್ತದೆ. ಅತಿಯಾದರೆ ಅಮೃತವೂ ವಿಷ.

ಅಳಿಯ ತೋಡಿದ ಕಾಲುವೆಯ ಆಚೆ ನಿಂತಿದ್ದ. ಬನ್ನಿ ಅನ್ನಲಿಲ್ಲ. "ಎಂಟು ಇಂಚಿದೆ ಅಂತ ಹೇಳು," ಎಂದು ಹೆಂಡತಿಗೆ ಹೇಳಿದ.

"ಇದೆಯೋ ಇಲ್ವೋ ನೀರೇ ಹೇಳುತ್ತೆ ಅನ್ನು," ಎಂದು ನಾನೂ ಅವಳಿಗೇ ಹೇಳಿದೆ.

ಉದ್ದನೆಯ ಬಿಳಿ ಟ್ಯೂಬಿಗೆ ನೀರು ತುಂಬಿ, ಒಂದು ತುದಿಯನ್ನು ಕೋಲಿಗೆ ಬಟ್ಟೆಯಿಂದ ಕಟ್ಟಿ ಬಚ್ಚಲಿನ ಹತ್ತಿರ ನಿಂತೆ. ಇನ್ನೊಂದು ತುದಿ ಹಿಡಿದು ಮಗಳು ಚೇಂಬರಿನ ಹತ್ತಿರ ಹೋದಳು. ಟ್ಯೂಬಿನ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದಿಂದ ಕೆಳಗೆ ಪೈಪಿನ ತನಕ ಅಳೆದರಾಯಿತು. ನನ್ನ ಕಡೆ ಇಪ್ಪತ್ತಮೂರು ಇಂಚು, ಅವಳ ಕಡೆ ಇಪ್ಪತ್ತೆಂಟು.

"ಐದೇ ಐದು," ಎಂದೆ. ಬಾಯಿಗೆ ಸಕ್ಕರೆ ಬಿದ್ದ ಹಾಗಾಯಿತು.

"ಆಗೋಕೆ ಸಾಧ್ಯನೇ ಇಲ್ಲ. ನಿನ್ನೆ ಎರಡು ಸಲ ಅಳೆದಿದ್ದೀನಿ," ಎಂದ ಅಳಿಯ. "ಆ ಟ್ಯೂಬ್ ಸರಿ ಇದೆಯಾ ನೋಡೋಕೆ ಹೇಳು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ.

"ಇವರಿಗೆ ನಾನು ಕಟ್ಟಿದ ಗೋಡೆ, ಹಾಕಿದ ಪೈಪು, ಮಾಡಿಕೊಂಡ ಮದುವೆ ಎಲ್ಲಾ ಡೊಂಕೇ."

ಮಗಳು ಅವನ ಕಡೆ ತಿರುಗಿದಳು. "ಮೊದಲೇ ಅಪ್ಪನ್ನ ಕೇಳೋಣ ಅಂದೆನಲ್ಲ, ಕೇಳಿದ್ರಾ? ನಿಮ್ಮ ಜಂಬದಿಂದ ಮನೆ ಹಾಳಾಗ್ತಿತ್ತು. ಕತ್ತರಿಸಿ ಅದನ್ನ."

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಗರಗಸ ತಂದು ಕಾಲುವೆಗಿಳಿದು, ಅಂಟು ಹಾಕಿ ಕೂರಿಸಿದ್ದ ಪೈಪನ್ನು ಮೂರು ಕಡೆ ಕೊಯ್ದ. ಆ ಸದ್ದು ನನಗೆ ಹಿತವಾಗಿತ್ತು.

ಟ್ಯೂಬ್ ಸುತ್ತಿಡೋಣವೆಂದು ಕೋಲಿನ ಬಟ್ಟೆ ಬಿಚ್ಚಿದೆ. ಬಟ್ಟೆಯ ಅಡಿಯಲ್ಲಿ ಮೂರು ಇಂಚು ಉದ್ದದ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು.

ಆ ಗುಳ್ಳೆ ನನ್ನ ಕಡೆಯ ನೀರನ್ನು ಮೂರು ಇಂಚು ಮೇಲೆತ್ತಿತ್ತು. ನನ್ನ ಇಪ್ಪತ್ತಮೂರು ನಿಜಕ್ಕೂ ಇಪ್ಪತ್ತು. ವಾಟ ಎಂಟೇ ಇಂಚು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಳೆಯುವ ಮುಂಚೆ ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದು ನೀರು ಸಮ ನಿಂತಿದೆಯೇ ನೋಡಬೇಕು. ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನ ನಾನೇ ಕಲಿಸುತ್ತಿದ್ದ ಪಾಠ. ಅವನನ್ನು ಹಿಡಿದುಹಾಕುವ ಆತುರದಲ್ಲಿ ನನಗದು ನೆನಪೇ ಆಗಿರಲಿಲ್ಲ.

ಯಾರೂ ನೋಡಿರಲಿಲ್ಲ. ಬೆರಳಿನಿಂದ ತಟ್ಟಿದೆ. ಗುಳ್ಳೆ ಮೇಲೇರಿ ಹೋಯಿತು.

ಅಳಿಯ ಗುದ್ದಲಿ ಹಿಡಿದು ನನ್ನ ಮುಂದೆ ಬಂದ. "ಎಷ್ಟು ಅಗೀಬೇಕು ಮಾವ?" ಎಂದ.

ನಾಲ್ಕು ವರ್ಷದಲ್ಲಿ ಮೊದಲ ಸಲ ಮಾವ ಅಂದಿದ್ದ, ಅದೂ ಸೋತು. ಮೂರು ಇಂಚು ಅಂದರೆ ಸಾಕು, ಅವನು ಅಗೆಯುತ್ತಿದ್ದ, ನನ್ನ ಮಾನ ಉಳಿಯುತ್ತಿತ್ತು. ಆದರೆ ಪೈಪಿನ ತುದಿ ಚೇಂಬರಿನ ಬಾಯಿಗಿಂತ ತಗ್ಗಾಗಿ, ನೀರು ವಾಪಸ್ ಬಂದು, ನನ್ನ ಮಗಳು ಕಾಂಕ್ರೀಟಿನ ಮೇಲೆ ನಿಂತು ಗಲೀಜಿನ ವಾಸನೆ ಕುಡಿಯುತ್ತಿದ್ದಳು. ಮೂರು ಇಂಚು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಏನೂ ಅಗೀಬೇಡ," ಎಂದೆ. "ಟ್ಯೂಬಲ್ಲಿ ಗಾಳಿ ಇತ್ತು. ನಿಂದು ಎಂಟೇ ಇದೆ."

ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವನು ಗುದ್ದಲಿಯನ್ನು ಗೋಡೆಗೆ ಒರಗಿಸಿ, "ಪೈಪು ಜೋಡಿಸೋಕೆ ಕಪ್ಲಿಂಗ್ ತರ್ತೀನಿ," ಎಂದು ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ.

ಮಗಳು ಕೊಯ್ದ ಪೈಪನ್ನೇ ನೋಡುತ್ತಾ ನಿಂತಿದ್ದಳು. "ಅವರಿಗೆ ನಾನು ಯಾವತ್ತೂ ಹಾಗೆ ಮಾತಾಡಿರಲಿಲ್ಲ," ಎಂದಳು. "ನಿನ್ನ ನಂಬಿ ಮಾತಾಡಿದೆ."

"ಅವನು ಬರಲಿ, ನಾನೇ ಕೂರಿಸಿಕೊಡ್ತೀನಿ."

"ಬೇಡ ಅಪ್ಪ. ಅವರು ಬರೋಷ್ಟರಲ್ಲಿ ನೀನು ಮನೆಗೆ ಹೋಗು."

ಟ್ಯೂಬನ್ನು ಅವಳೇ ಸುತ್ತಿ ನನ್ನ ಚೀಲಕ್ಕೆ ಹಾಕಿದಳು.