ದನಿ ತೆಗೆದ ಮುಂಜಾನೆಗಳು

ಅಪ್ಪ ತೀರಿಕೊಂಡ ದಿನವೂ ಸ್ನೇಹಲ ವಿಡಿಯೊ ಹಾಕಿದಳು. ಕೇಳಿದವರು ಹೌಹಾರುವ ಮಾತೇ. ಆದರೆ ಯಾರೂ ಹೌಹಾರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಾಗಲಿಲ್ಲ. ಬಸವಕಲ್ಯಾಣದ ತ್ರಿಪುರಾಂತದ ಕಡೆಯ ಆ ಎರಡು ಕೋಣೆಯ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾಗ ಅವಳು ಬಚ್ಚಲ ಬಾಗಿಲಿಗೆ ಒರಗಿ ನಿಂತು ಫೋನು ತೆಗೆದಳು. ಮುಂಜಾನೆ ಬಸ್ಸಿನಲ್ಲೇ ಸಿದ್ಧವಾಗಿದ್ದ ವಿಡಿಯೊ ಅದು. ‘ದಿನ 231’ ಎಂದು ಬರೆದು ಒತ್ತಿಬಿಟ್ಟಳು. ಆ ವಿಡಿಯೊದಲ್ಲಿ ಅಪ್ಪ ಚಹಾ ಕುಡಿಯುತ್ತಿದ್ದ, ಒಳಗೆ ಅದೇ ಅಪ್ಪನಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಸ್ನೇಹಲ ಒಳಗೆ ಬಂದು ಅವ್ವನ ಪಕ್ಕ ಕೂತಳು.

ಒಂದು ವರ್ಷ, ದಿನಕ್ಕೊಂದರಂತೆ, ಒಂದೂ ದಿನ ತಪ್ಪದೆ ವಿಡಿಯೊ ಹಾಕುತ್ತೇನೆ ಎಂದು ಅವಳು ಹಟ ತೊಟ್ಟಿದ್ದಳು. ಯಾರೂ ಹೇರಿದ ಹಟವಲ್ಲ. ಇಪ್ಪತ್ನಾಲ್ಕರ ಹುಡುಗಿ, ಬಿ.ಎ. ಮುಗಿದಿತ್ತು, ಬಸವಕಲ್ಯಾಣದಿಂದ ದಿನಾ ಬಸ್ಸು ಹಿಡಿದು ಹುಮನಾಬಾದಿಗೆ, ಅಲ್ಲಿಂದ ಆಟೊದಲ್ಲಿ ಮಾಣಿಕನಗರಕ್ಕೆ ಹೋಗಿ ಅಜೀಮ್ ಭಾಯ್‌ನ ಝೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ತುಂಬುತ್ತಿದ್ದಳು. ಊರ ಮಂದಿಯ ಹೆಸರು, ಜಾತಿ, ಹುಟ್ಟಿದ ದಿನಾಂಕ ತುಂಬಿ ತುಂಬಿ ಸಾಕಾಗಿ, ತನ್ನದೂ ಒಂದು ದಾಖಲೆ ಎಲ್ಲಾದರೂ ಇರಲಿ ಎನಿಸಿರಬೇಕು. ಏಳಕ್ಕೆ ಎದ್ದಳು, ಜಡೆ ಹೆಣೆದಳು, ಬಸ್ಸಿನಲ್ಲಿ ನಿಂತಳು. ಇಷ್ಟೇ ವಿಷಯ. ಇದನ್ನೂ ಸಾವಿರದೊಂಬೈನೂರು ಜನ ಕೂತು ನೋಡುತ್ತಿದ್ದರೆಂದರೆ ಜಗತ್ತಿನಲ್ಲಿ ಬಿಡುವಿಗೇನೂ ಬರವಿಲ್ಲ.

ಅವಳ ಅಪ್ಪ ಲಾಲಪ್ಪ ಗೌಂಡಿ. ಹುಮನಾಬಾದಿನಲ್ಲಿ ಯಾರದೋ ಹೊಸ ಮನೆಯ ಗೋಡೆ ಕಟ್ಟುತ್ತಿದ್ದವನು ಹನ್ನೊಂದು ಗಂಟೆಗೆ ಉಸುಕಿನ ಗುಡ್ಡೆಯ ಮೇಲೆ ಕೂತ. ಮತ್ತೆ ಏಳಲಿಲ್ಲ. ಎರಡು ಕಿಲೋಮೀಟರು ಆಚೆ ಸ್ನೇಹಲ ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದಳು. ಬೌದ್ಧ ಭಿಕ್ಷು ಭಂತೇಜಿ ಬಂದು ತ್ರಿಸರಣ ಪಂಚಶೀಲ ಹೇಳಿಸಿದಾಗ ಅವಳು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದಳು. ಮಂಠಾಳದಿಂದ ಬಂದ ಅತ್ತೆ ಅದನ್ನು ಗಮನಿಸಿ, ‘ಅಪ್ಪ ಹೋಗ್ಯಾನ, ಹುಡುಗಿ ಕಣ್ಣಾಗ ಒಂದು ಹನಿ ಇಲ್ಲ’ ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು. ಅತ್ತೆ ಹೇಳಿದ್ದು ಸುಳ್ಳಲ್ಲ. ಸ್ನೇಹಲಳಿಗೆ ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಇಡೀ ಮೈ ಇತ್ತು.

ದಿನ 232, ದಿನ 233. ಮೂರನೆಯ ವಾರ ಕೆಲಸಕ್ಕೆ ಮರಳಿದಳು. ಬಸ್ಸಿನ ಕಿಟಕಿ ಪಕ್ಕ ಕೂತು ಒಮ್ಮೆ ಹೇಳಿಬಿಡಬೇಕೆಂದು ಫೋನು ಮುಖದ ಮುಂದೆ ಹಿಡಿದಳು. ‘ನಮಸ್ಕಾರ ಸ್ನೇಹಿತರೇ, ನಮ್ಮ ತಂದೆಯವರು ಈಗ ನಮ್ಮೊಂದಿಗಿಲ್ಲ.’ ನೋಡಿದರೆ ಮುಖ ನೆಟ್ಟಗಿತ್ತು, ಉಚ್ಚಾರ ಚೆನ್ನಾಗಿತ್ತು. ಅಳಿಸಿ ಮತ್ತೆ ಹೇಳಿದಳು. ಇನ್ನೂ ಚೆನ್ನಾಗಿ ಬಂತು. ನಾಲ್ಕು ಸಲ ಹೇಳಿ, ನಾಲ್ಕನ್ನೂ ಅಳಿಸಿ, ಕಡೆಗೆ ರಾಜೇಶ್ವರ ಊರು ದಾಟಿದ ಮೇಲೆ ಬಸ್ಸಿನಲ್ಲಿ ಎಷ್ಟು ಗದ್ದಲ ನೋಡಿ ಎಂದು ಹೇಳಿ ಅದನ್ನೇ ಹಾಕಿದಳು. ತನ್ನ ಒಳಗೆ ಏನಿದೆ ಎಂದು ದಿನಾ ಕ್ಯಾಮೆರಾಕ್ಕೆ ಹೇಳುವವಳಿಗೆ ಒಳಗೆ ಏನಿದೆ ಎಂದು ಗೊತ್ತೇ ಇರಲಿಲ್ಲ. ಬಹುಶಃ ಮುಂಚೆಯೂ ಗೊತ್ತಿರಲಿಲ್ಲ, ಆಗ ಸಂಗೀತ ಇಟ್ಟು ಸಾಗಿಸುತ್ತಿದ್ದಳು.

ಅಪ್ಪ ಹೋಗಿ ತಿಂಗಳಾಗುವ ಹೊತ್ತಿಗೆ ಒಂದು ಸಂಜೆ ಅವ್ವ ಸುಮನಬಾಯಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಗಳ ಹತ್ತಿರ ಬಂದು ಕೂತಳು.

‘ಸ್ನೇಹಾ, ನಿನ್ನ ಫೋನಿನ್ಯಾಗ ನಿಮ್ಮಪ್ಪ ಅದಾರಲ್ಲ. ಒಮ್ಮೆ ಅವರ ದನಿ ಕೇಳಸವ್ವ. ನನಗ ಮರಿಯಾಕತ್ತದ.’

‘ದನಿ ಮರೀತದೇನವ್ವ?’

‘ಮಾರಿ ಮರೀವಲ್ದು. ದನಿ ಮರಿಯಾಕತ್ತದ. ನಿನ್ನೆ ಎಷ್ಟು ನೆನಸಿದ್ರೂ ಬರಲೇ ಇಲ್ಲ.’

‘ಬೇಕಾದಷ್ಟು ಅದಾವ ತಗೋ. ನಾಳಿ ಕೇಳಸ್ತೀನಿ’ ಎಂದಳು ಸ್ನೇಹಲ. ಇನ್ನೂರ ಮೂವತ್ತೊಂದು ಮುಂಜಾನೆ ಅಪ್ಪ ಆ ಕ್ಯಾಮೆರಾದ ಮುಂದೆ ಸುಳಿದಾಡಿದ್ದ. ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ಅವಳು ಜಡೆ ಹಾಕಿಕೊಳ್ಳುತ್ತಿದ್ದರೆ ಹಿಂದೆ ಚಹಾ ಕುಡಿಯುತ್ತ, ಚಪ್ಪಲಿ ಹುಡುಕುತ್ತ, ಏನೋ ಮಾತಾಡುತ್ತ ಇದ್ದೇ ಇರುತ್ತಿದ್ದ. ದನಿಗೇನು ಕಡಿಮೆ?

ಮರುದಿನ ಬಸ್ಸಿನಲ್ಲಿ ಹುಡುಕಲು ಕೂತಳು. ದಿನ 40: ಅಪ್ಪನ ಬಾಯಿ ಆಡುತ್ತಿದೆ, ಕೇಳುವುದು ಗಿಟಾರು. ದಿನ 95: ಅಪ್ಪ ನಗುತ್ತಿದ್ದಾನೆ, ಕೇಳುವುದು ಅವಳದೇ ದನಿ, ‘ಇವತ್ತಿನ ಬೆಳಗು ತುಂಬಾ ಸುಂದರವಾಗಿದೆ ಸ್ನೇಹಿತರೇ.’ ಒಂದೊಂದೇ ಒತ್ತುತ್ತ ಹೋದಳು. ಹುಮನಾಬಾದ್ ಬಂದರೂ ಇಳಿಯುವುದು ಮರೆತು ಕೂತಿದ್ದಳು, ಕಂಡಕ್ಟರು ಕೂಗಿದ ಮೇಲೆ ಇಳಿದಳು.

ಇದು ಅವಳೇ ಮಾಡಿದ ಕೆಲಸ. ಹದಿನಾಲ್ಕನೆಯ ದಿನ ಯಾರೋ ಒಬ್ಬ ವಿಡಿಯೊದ ಕೆಳಗೆ ಬರೆದಿದ್ದ: ‘ಅಂಕಲ್ ಯಾವ ಭಾಷೆ ಮಾತಾಡ್ತಾರೆ? ಕನ್ನಡಕ್ಕೆ ಅನುವಾದ ಮಾಡಿ.’ ಜೊತೆಗೆ ನಗುವ ಮೂರು ಮುಖ. ಅದಕ್ಕೆ ಎಪ್ಪತ್ತು ಜನರ ಮೆಚ್ಚುಗೆ. ಸ್ನೇಹಲಳಿಗೆ ನಾಚಿಕೆಯಾಯಿತು, ಬರೆದವನ ಬಗ್ಗೆ ಅಲ್ಲ, ಅಪ್ಪನ ಬಗ್ಗೆ. ಅಂದಿನಿಂದ ಬಸ್ಸಿನಲ್ಲಿ ಕೂತ ಕೂಡಲೇ ಮೊದಲ ಕೆಲಸ, ಮುಂಜಾನೆಯ ದನಿಯನ್ನು ಕೇಳದೆಯೇ ಸೊನ್ನೆಗೆ ಎಳೆಯುವುದು. ಮೇಲೆ ಸಂಗೀತ, ಅದರ ಮೇಲೆ ಟಿ.ವಿ.ಯವರಂತೆ ತನ್ನ ಮಾತು. ಮೊದಲ ಹದಿಮೂರು ವಿಡಿಯೊಗಳನ್ನೂ ಬಿಡಲಿಲ್ಲ, ತೆಗೆದು, ದನಿ ಬದಲಿಸಿ ಮತ್ತೆ ಹಾಕಿದಳು. ಕೆಲಸದಲ್ಲಿ ಹುಡುಗಿ ಅಷ್ಟು ಅಚ್ಚುಕಟ್ಟು. ಫೋನಿನಲ್ಲಿ ಜಾಗ ಸಾಲದೆಂದು ಮೂಲ ವಿಡಿಯೊವನ್ನು ಅಂದಂದೇ ಅಳಿಸುತ್ತಿದ್ದಳು.

ಅಪ್ಪನ ಫೋನು ಗುಂಡಿಯ ಫೋನು, ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಕಡೆಗೆ ಅಜೀಮ್ ಭಾಯ್‌ಗೆ ಹೇಳಿಕೊಂಡಳು. ಆತ ಅವಳ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಗಿರಾಕಿಗಳನ್ನು ಕಾಯಿಸಿ, ಎರಡು ಮಧ್ಯಾಹ್ನ ಹೆಣಗಾಡಿದ. ಅಳಿಸಿಹೋದವುಗಳಲ್ಲಿ ಎದ್ದು ಬಂದದ್ದು ಯಾರದೋ ಆಧಾರ್ ಕಾರ್ಡಿನ ಚಿತ್ರ, ಒಂದು ತಟ್ಟೆ ಮಿರ್ಚಿ ಭಜಿ, ಕುಂಟುವ ಒಂದು ನಾಯಿ.

‘ಬೆಹನ್, ಫೋಟೊ ಬರಾಕತ್ತಾವ, ವಿಡಿಯೊ ಬರವಲ್ಲವು’ ಎಂದ ಅಜೀಮ್. ‘ದಿನಾ ಮ್ಯಾಲಿಂದ ಮ್ಯಾಲ ತುಂಬಕೋಂತ ಹೋಗೀರಿ. ತಳದಾಗಿಂದು ಹ್ಯಾಂಗ ಉಳೀತದ್ರಿ? ಮಾಫ್ ಮಾಡ್ರಿ.’

ಮನೆಯಲ್ಲಿ ಅವ್ವ ದಿನಾ ಸಂಜೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಕೂಡುತ್ತಿದ್ದಳು. ಸ್ನೇಹಲ ಒಂದು ದಿನ ನೆಟ್ ಇಲ್ಲ ಎಂದಳು, ಒಂದು ದಿನ ಚಾರ್ಜ್ ಇಲ್ಲ ಎಂದಳು, ಇನ್ನೊಂದು ದಿನ ತಲೆನೋವು. ‘ಇರಲೇಳು, ನಾಳಿ’ ಎಂದು ಅವ್ವ ಏಳುತ್ತಿದ್ದಳು. ಆ ‘ನಾಳಿ’ ಸ್ನೇಹಲಳನ್ನು ಚುಚ್ಚಬೇಕಿತ್ತು. ಚುಚ್ಚಲಿಲ್ಲ, ಎಲ್ಲೋ ದೂರದಲ್ಲಿ ಬೇರೆ ಯಾರಿಗೋ ಚುಚ್ಚಿದಂತಿತ್ತು. ಆದರೆ ಒಂದು ಮಾತ್ರ ಖಚಿತವಾಗಿ ಗೊತ್ತಿತ್ತು, ಅವ್ವನಿಗೆ ಹೇಳದೆ ಗತಿಯಿಲ್ಲ. ಹೇಳಿದರೆ ಅವ್ವ ಯಾಕೆ ತೆಗೆದಿ ಎಂದು ಕೇಳುತ್ತಾಳೆ.

ಭಾನುವಾರ ಮುಂಜಾನೆ ಸುಮನಬಾಯಿ ಬಾಗಿಲ ಬಿಸಿಲಿನಲ್ಲಿ ಮೊರದ ತುಂಬ ತೊಗರಿ ಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಸ್ನೇಹಲ ಹೋಗಿ ಎದುರಿಗೆ ಕೂತಳು.

‘ಅವ್ವ, ಅಪ್ಪನ ದನಿ ಇಲ್ಲ.’

‘ಯಾಕ? ಫೋನ್ ಕೆಟ್ಟದೇನು?’

‘ಕೆಟ್ಟಿಲ್ಲ. ನಾನೇ ತಗದೀನಿ. ಎಲ್ಲಾದರಾಗಿಂದೂ.’

‘ಯಾಕ ತಗದಿ?’

ಗಾಳಿಯ ಸಪ್ಪಳ ಬರುತ್ತಿತ್ತು, ಅದಕ್ಕೇ ತೆಗೆದೆ ಎಂದು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. ‘ಅಪ್ಪ ಮಾತಾಡೂದು ಕೇಳಿ ಮಂದಿ ನಕ್ಕರು. ನನಗ ನಾಚಿಕಿ ಆತು’ ಎಂದಳು.

ಸುಮನಬಾಯಿ ಬೇಳೆಯನ್ನು ಎರಡು ಸಲ ಕೇರಿದಳು. ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. ‘ಹಂಗಾರ ಮಾರೀನೆ ತೋರಸು’ ಎಂದಳು. ‘ಅವರು ಏನಂತಿದ್ರಂತ ನನಗ ಗೊತ್ತದ. ನಾ ಅಲ್ಲೇ ಒಲಿ ಮುಂದ ಇರ್ತಿದ್ದೆನಲ್ಲ.’

ಸ್ನೇಹಲ ದನಿ ಪೂರ್ತಿ ಇಳಿಸಿ ಒಂದು ವಿಡಿಯೊ ಹಚ್ಚಿದಳು. ಅಪ್ಪ ಬಸಿಯಲ್ಲಿ ಚಹಾ ಊದುತ್ತಿದ್ದ. ‘ಇಲ್ಲಿ ನನಗ ಬೈಯಾಕತ್ತಾರ’ ಎಂದಳು ಅವ್ವ. ‘ಚಹಾದಾಗ ಸಕ್ರಿ ಡಬ್ಬೀನೇ ಬಿದ್ದದೇನು ಅಂತ.’ ಮುಂದಿನದರಲ್ಲಿ ಅಪ್ಪ ಬಗ್ಗಿ ಮಂಚದ ಕೆಳಗೆ ನೋಡುತ್ತಿದ್ದ. ಅವ್ವ ಗಂಟಲು ದಪ್ಪ ಮಾಡಿಕೊಂಡು, ‘ಈ ಚಪ್ಪಲಿ ಏನ್ ಊರಿಗ್ ಹೋಗ್ಯಾವೇನ?’ ಎಂದಳು. ಥೇಟ್ ಅಪ್ಪನೇ. ಸ್ನೇಹಲಳ ತುಟಿ ಅರಳಿತು. ಇಬ್ಬರೂ ಹೀಗೆ ಏಳೆಂಟು ನೋಡಿದರು. ಅವ್ವ ಬೇಳೆಯ ಮಾತೇ ಮರೆತಿದ್ದಳು.

ಆಮೇಲೆ ಬಂದದ್ದು ದಿನ 176, ಅವಳ ಎಲ್ಲ ವಿಡಿಯೊಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು, ನಲವತ್ತೊಂದು ಸಾವಿರ. ಅಪ್ಪ ಚಷ್ಮಾ ತೆಗೆದು ಕ್ಯಾಮೆರಾದ ಹತ್ತಿರ ಹಿಡಿಯುತ್ತಾನೆ, ಅದಕ್ಕೆ ಒಂದೇ ಕಡ್ಡಿ, ಮತ್ತೆ ಹಾಕಿಕೊಂಡರೆ ಜಾರಿ ಮೂಗಿನ ಮೇಲೆ ವಾಲುತ್ತದೆ. ಅದಕ್ಕೆ ಸ್ನೇಹಲ ನಗೆಯ ಸಂಗೀತ ಹಾಕಿ ‘ಅಪ್ಪನ ಸ್ಟೈಲ್’ ಎಂದು ಹೆಸರಿಟ್ಟಿದ್ದಳು.

‘ಇದು ನಿನಗ ಅಂದದ್ದು’ ಎಂದಳು ಅವ್ವ.

‘ನನಗ?’

‘“ಸ್ನೇಹಾ ಬೇಟಾ, ಚಷ್ಮಾದ ಕಡ್ಡಿ ಮುರದದ. ಗೋಡಿಗೆ ಗಿಲಾವ್ ಮಾಡೂ ಮುಂದ ಬೀಳಾಕತ್ತದ. ಐತವಾರ ನಿನ್ನ ಕೈಯಾಗ ಕೊಡ್ತೀನಿ, ಹುಮನಾಬಾದದಾಗ ಹಾಕಸ್ಕೊಂಡು ಬಾ.” ನಾಕೈದು ದಿನ ಹೇಳಿದ್ರು. ನೀ ಏನೂ ಅನ್ನಲಿಲ್ಲ. ಆಮ್ಯಾಲ ದಾರ ಕಟಗೊಂಡ್ರು.’

‘ಅಪ್ಪ ನನಗೇ ಯಾಕ ಹೇಳಲಿಲ್ಲ ಅವ್ವ? ನಾ ಅಲ್ಲೇ ಇದ್ದೆನಲ್ಲ?’

‘ಹೇಳಾಕ ಬಂದ್ರ ನೀ ಹಿಂಗ ಮಾಡ್ತಿದ್ದಿ’ ಎಂದು ಸುಮನಬಾಯಿ ಅಂಗೈ ಎತ್ತಿ ತಡೆದು ತೋರಿಸಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ‘ಅದಕ್ಕ ಅವರಂತಿದ್ರು, ಆಕಿ ಈಗ ಗಡಿಬಿಡಿದಾಗ ಅದಾಳ, ಫೋನಿಗೆ ಹೇಳಿ ಇಟ್ರ ಬಸ್ಸಿನ್ಯಾಗ ಕೂತು ಆರಾಮ ಕೇಳ್ತಾಳ ಅಂತ. ಹೋಗೂ ಮುಂದ, ನೀ ಒಳಗ ತಯಾರಾಗೂ ಹೊತ್ತಿನ್ಯಾಗ, ದಿನಾ ಅದರ ಮುಂದ ಬಗ್ಗಿ ಏನರೆ ಹೇಳೇ ಹೋಗ್ತಿದ್ರು.’

ಅಷ್ಟರಲ್ಲಿ ಅವ್ವನೇ ಬೆರಳಿನಿಂದ ಸರಿಸುತ್ತ ಸರಿಸುತ್ತ ಅಪ್ಪ ಇದ್ದ ಕಡೆಯ ವಿಡಿಯೊಗೆ ಬಂದಿದ್ದಳು. ದಿನ 231. ಚಹಾ ಮುಗಿಸಿದ ಅಪ್ಪ ಲೋಟ ಇಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಫೋನಿನ ಹತ್ತಿರ ಬಂದ. ಮೊಣಕಾಲಿಗೆ ಕೈಯೂರಿ ಬಗ್ಗಿದ. ಮುಖ ತೆರೆಯ ತುಂಬ ತುಂಬಿತು. ತುಟಿಗಳು ಆಡಿದವು, ಒಂದಿಷ್ಟು ಹೊತ್ತು ನಿಂತವು, ಮತ್ತೆ ಆಡಿದವು. ಅಂದು ಸ್ನೇಹಲ ಕತ್ತರಿಸಲು ಬೇಸರವಾಗಿ ಪೂರ್ತಿ ಹನ್ನೊಂದು ಸೆಕೆಂಡು ಹಾಗೇ ಬಿಟ್ಟಿದ್ದಳು.

ಅವ್ವ ಮಾತಾಡುತ್ತಾಳೆಂದು ಅವಳು ಕಾದಳು. ಅವ್ವ ಅವಳ ಮುಖ ನೋಡಿದಳು.

‘ಅವತ್ತ ಏನಂದ್ರು?’ ಎಂದಳು ಸುಮನಬಾಯಿ. ‘ನಾ ರೊಟ್ಟಿ ಬಡಿಯೂ ಸಪ್ಪಳದಾಗ ನನಗ ಕೇಳಲಿಲ್ಲ. ಎಂದಿಗಿಂತ ಜಾಸ್ತಿ ಹೊತ್ತು ಹೇಳಿದ್ರು. ನೀ ಕೇಳೀದಿ ಅಂತ ನಾ ಸುಮ್ಮನಿದ್ದೆ. ಹೇಳವ್ವ.’

‘ನಾ ಕೇಳಿಲ್ಲ ಅವ್ವ.’

‘ಅಳಸೂಕ ಮೊದಲ ಕೇಳಿರಬೇಕಲ್ಲ?’

‘ಒಂದು ದಿನಾನೂ ಕೇಳಿಲ್ಲ’ ಎಂದಳು ಸ್ನೇಹಲ. ಕ್ಯಾಮೆರಾದ ಮುಂದೆ ಒಮ್ಮೆಯೂ ತಪ್ಪದ ಅವಳ ದನಿ ಅಲ್ಲಿಗೇ ಒಡೆದುಹೋಯಿತು.

ಸುಮನಬಾಯಿ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಆಮೇಲೆ ಮೊರ ಬದಿಗೆ ಸರಿಸಿ, ಮಗಳ ಮಗ್ಗುಲಿಗೆ ಜರುಗಿ ಫೋನಿಗೆ ಬಗ್ಗಿದಳು.

‘ಇನ್ನೊಮ್ಮೆ ಹಚ್ಚು’ ಎಂದಳು. ‘ಬಾಯಿ ನೋಡೂಣು.’

ಸ್ನೇಹಲ ಹಚ್ಚಿದಳು. ಆದರೆ ಕಣ್ಣು ತುಂಬಿಕೊಂಡಿದ್ದರಿಂದ ಅವಳಿಗೆ ಅಪ್ಪನ ತುಟಿಗಳೂ ಕಾಣಲಿಲ್ಲ.